ಉಳದ ಪಟ್ಟಿಯ ಮೇಲೆ ಕುರಿ ತರುಬಿದ್ದು

ಕುರಿಯ ಹಿಕ್ಕೆ ಜರಡಿಯ ಮೇಲೆ ಉಳಿಯುತ್ತದೆ. ಅದನ್ನು ಕೈಯಿಂದ ಆರಿಸಿ ಎಸೆಯಬಹುದು. ಕುರಿಯ ಉಚ್ಚೆಯನ್ನು ಹಿಡಿಯುವ ಜರಡಿ ಇಲ್ಲ. ಇದನ್ನು ತಿಳಿಯಲು ಹತ್ತನೇ ಕ್ಲಾಸಿನ ಓದೂ ಬೇಕಾಗಿಲ್ಲ; ನಾನು ಅಷ್ಟು ಓದಿದ್ದೆ. ಆದರೂ ವರ್ಷ ವರ್ಷವೂ ಹಿಕ್ಕೆ ಆರಿಸಿ, ಮಣ್ಣು ಚೊಕ್ಕವಾಯಿತೆಂದು ಪರೀಕ್ಷೆಗೆ ಚೀಲ ಕಟ್ಟಿದೆ. ಈಗಲೂ ಊಟಕ್ಕೆ ಕೂತಾಗ ಆ ಒಣ ಗುಂಡುಗಳು ಬೆರಳಿಗೆ ತಾಗಿದಂತಾಗಿ ತಟ್ಟೆ ಸರಿಸುತ್ತೇನೆ. ಏನಾಯಿತೆಂದು ಹೆಂಡತಿ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತೇನೆ. ಅವು ಅವಳ ತಮ್ಮನ ಕುರಿಗಳು.

ಜಹೀರಾಬಾದಿನ ಹೊರಗೆ, ಕೆಂಪು ನೆಲದಲ್ಲಿ, ನಮ್ಮ ಯೋಜನೆಯ ಪ್ರಯೋಗದ ಹೊಲವಿತ್ತು. ಅದರ ಕಾವಲೂ ನಾನೇ, ಕೆಲಸದವನೂ ನಾನೇ. ಹೊಲವನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿದ್ದರು. ಒಂದು ಪಟ್ಟಿಗೆ ಪ್ರತಿ ಬೇಸಿಗೆ ಟ್ರ್ಯಾಕ್ಟರಿನ ಪಲ್ಟಿ ನೇಗಿಲು ಹಾಕಿ ಕೆಳಗಿನ ಮಣ್ಣು ಮೇಲೆ ಬರುವಂತೆ ಆಳವಾಗಿ ಉಳುವುದು. ಅದರ ಪಕ್ಕದ್ದಕ್ಕೆ ಎತ್ತಿನ ಕುಂಟೆ ಮಾತ್ರ. ಮೂರನೆಯದಕ್ಕೆ ಏನೂ ಇಲ್ಲ. ನೆಲ ಸೀಳಿ ಬೀಜ ಇಳಿಸುವ ಕೂರಿಗೆ ಬಿಟ್ಟರೆ ಯಾವ ಕಬ್ಬಿಣವೂ ಅದನ್ನು ಮುಟ್ಟಬಾರದು. ಇಂಥದೇ ಹೊಲ ನಾರಾಯಣಖೇಡದ ಕಪ್ಪು ನೆಲದಲ್ಲೊಂದು, ತಾಂಡೂರಿನಲ್ಲಿ ಫರ್ಸಿ ಎಂಬ ಹಾಸುಬಂಡೆಯ ಮೇಲಿನ ಕಪ್ಪು ನೆಲದಲ್ಲೊಂದು. ವರ್ಷಗಟ್ಟಲೆ ಉತ್ತರೆ ಮಣ್ಣಿನ ಸಾರ ಏನಾಗುತ್ತದೆ, ಉಳದೆ ಬಿಟ್ಟರೆ ಏನಾಗುತ್ತದೆ ಎಂದು ನೋಡುವುದು ಉದ್ದೇಶ. ಇಂಥ ಕೆಲಸದಲ್ಲಿ ಒಂದೆರಡು ವರ್ಷಕ್ಕೆ ಏನೂ ಕಾಣುವುದಿಲ್ಲ. ಕಾಯಬೇಕು, ಕಾಯುವಾಗ ಕೈ ಹಾಕಬಾರದು. ಕೈ ಹಾಕದಂತೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ.

ಮೂರೂ ಹೊಲಗಳನ್ನು ನೋಡಿಕೊಳ್ಳುವ ಮೇಡಂ ಕಲಬುರಗಿ ಕಡೆಯವರು. ಉಳದ ಪಟ್ಟಿಯಲ್ಲಿ ಜೋಳದ ಕೂಳೆ, ಉದುರಿದ ತೊಗರಿ ಎಲೆ ಬಿದ್ದಲ್ಲೇ ಕೊಳೆಯಬೇಕು, ಒಂದು ಕಡ್ಡಿಯನ್ನೂ ಎತ್ತಬಾರದು ಎಂದು ಮೊದಲ ದಿನವೇ ಹೇಳಿದ್ದರು. ನಾನು ಎತ್ತಲಿಲ್ಲ. ಒಲೆಗೆ ಕಡ್ಡಿ ಕೇಳಲು ಬಂದ ಹೆಂಗಸರನ್ನು ಬೈದು ಕಳಿಸಿದೆ. ಆ ಬೈಗುಳ ನೆನೆದರೆ ಈಗ ನನ್ನ ಮೇಲೇ ಅಸಹ್ಯವಾಗುತ್ತದೆ. ಕಡ್ಡಿ ಕಾಯ್ದವನು ಹಿಂಡನ್ನು ಒಳಗೆ ಬಿಟ್ಟೆ.

ನಮ್ಮದು ಕುರಿ ಸಾಕುವ ಮನೆತನ. ನನ್ನ ಭಾಮೈದ ಕಲ್ಹೇರ್ ಕಡೆಯವನು, ಬೇಸಿಗೆ ಬಂತೆಂದರೆ ಹಿಂಡು ಹೊಡೆದುಕೊಂಡು ನಮ್ಮ ಕಡೆ ಇಳಿಯುತ್ತಾನೆ. ಹೆಂಟೆ ಎದ್ದ ನೆಲದ ಮೇಲೆ ಕುರಿ ಮಲಗುವುದಿಲ್ಲ. ಕಾಲು ಮಡಚಲಾಗದೆ ಬೆಳಗಿನವರೆಗೂ ನಿಂತೇ ಇರುತ್ತದೆ, ಮರುದಿನ ಸರಿಯಾಗಿ ಮೇಯುವುದಿಲ್ಲ. ಕುರಿಗಾರನಿಗೆ ಸಪಾಟು ನೆಲ ಬೇಕು, ಬಾಯಾಡಿಸಲು ಒಂದಿಷ್ಟು ಕೂಳೆ ಬೇಕು. ಆ ತಿಂಗಳಲ್ಲಿ ಸುತ್ತಲಿನ ಹೊಲಗಳೆಲ್ಲ ಟ್ರ್ಯಾಕ್ಟರ್ ತಿರುಗಿ ಹೆಂಟೆಯಾಗಿರುತ್ತಿದ್ದವು. ಸಪಾಟಾಗಿ, ಕೂಳೆಯ ಸಮೇತ ಬಿದ್ದಿರುತ್ತಿದ್ದದ್ದು ನಮ್ಮ ಉಳದ ಪಟ್ಟಿ ಒಂದೇ.

"ಮಾವ, ಎಂಥಾ ಹಾಸಿಗಿ ಹಾಸಿ ಇಟ್ಟೀಯೋ ನನ್ನ ಕುರಿಗೆ," ಎಂದ ಅವನು, ಮೊದಲ ವರ್ಷ ನೋಡಿದ ಕೂಡಲೇ. "ಬ್ಯಾರೆ ಕಡೆ ಜ್ವಾಳಾ ಕೊಟ್ಟು ಕರೀತಾರ. ನಿನಗ ಪುಕ್ಕಟ."

ಇದನ್ನು ತಪ್ಪೆಂದು ನಮ್ಮ ಕಡೆ ಯಾರಿಗೂ ಅನಿಸದು. ಕುರಿ ತರುಬಿದ, ಅಂದರೆ ಗೊಬ್ಬರಕ್ಕೆಂದು ರಾತ್ರಿ ಹಿಂಡು ನಿಲ್ಲಿಸಿದ ಹೊಲ ಪುಣ್ಯದ ಹೊಲ. ಎರಡು ರಾತ್ರಿ ಇದ್ದು ಹೋಗಿರೆಂದು ರೈತರು ಕುರಿಗಾರನಿಗೆ ಊಟ ಹಾಕಿ ಕರೆಯುತ್ತಾರೆ. ಹೆಂಡತಿಯ ತಮ್ಮ ಬಂದು ಹೊಲದ ಒಡ್ಡಿನ ಮೇಲೆ ನಿಂತಾಗ ಬೇಡ ಎನ್ನುವುದು ಹೇಗೆ? ನಾನು ಮಣ್ಣಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡೆ. ಮೊದಲ ವರ್ಷದ ಮಟ್ಟಿಗೆ ಇದು ನಿಜ.

ಎರಡನೆಯ ವರ್ಷ ಮೇಡಂ ಶೆಡ್ಡಿನಲ್ಲಿ ಕೂತು, ಯಾವ ಪಟ್ಟಿಗೂ ಹೊರಗಿನ ಗೊಬ್ಬರ ಏಕೆ ಬೀಳಬಾರದು ಎಂದು ಬಿಡಿಸಿ ಹೇಳಿದರು. ಹಿಕ್ಕೆಯಿಂದ ಮೇಲ್ಮಣ್ಣಿನಲ್ಲಿ ರಂಜಕ ಏರುತ್ತದೆ. ಉಚ್ಚೆಯಿಂದ ಪೊಟ್ಯಾಶ್, ಸಾರಜನಕ, ಉಪ್ಪು ಏರುತ್ತವೆ, ಮಳೆ ಬಿದ್ದಾಗ ನೀರಿನ ಜೊತೆ ಕೆಳಕ್ಕೂ ಇಳಿಯುತ್ತವೆ. ಆಮೇಲೆ ಉಳುಮೆ ಬಿಟ್ಟದ್ದರಿಂದ ಎಷ್ಟು ಬಂತು, ದನಕುರಿಯಿಂದ ಎಷ್ಟು ಬಂತು ಎಂದು ಯಾವ ಯಂತ್ರವೂ ಬೇರೆ ಮಾಡಿ ಹೇಳುವುದಿಲ್ಲ. ನಾನು ತಲೆಯಾಡಿಸಿದೆ. ಹೇಳಬೇಕಾದ ದಿನ ಅದೇ ಆಗಿತ್ತು. ಹೇಳಲಿಲ್ಲ. ಆ ಬೇಸಿಗೆಯೂ ಭಾಮೈದ ಬಂದ. ಹೋದ ವರ್ಷ ಬಿಟ್ಟು ಈ ವರ್ಷ ಬೇಡ ಎಂದರೆ ಹೋದ ವರ್ಷದ್ದನ್ನೂ ಒಪ್ಪಿಕೊಂಡಂತೆ ಎಂದು ನನ್ನ ಹೇಡಿ ಬುದ್ಧಿ ಲೆಕ್ಕ ಹಾಕಿತು. ಹಿಂಡು ಹೋದ ಮೇಲೆ ಪಟ್ಟಿಯ ತುಂಬ ಕುಕ್ಕರಗಾಲಿನಲ್ಲಿ ಕೂತು ಹಿಕ್ಕೆ ಆರಿಸಿದೆ. ಕಂಬಳಿ ಉಣ್ಣೆಯ ಎಳೆ, ರಕ್ತ ಹೀರುವ ಉಣ್ಣಿ, ಬಿಸಿಲಿಗೆ ಎದ್ದ ಹುಳಿ ನಾತ. ಬುಟ್ಟಿ ತುಂಬಿದ್ದನ್ನು ಒಡ್ಡಿನ ಆಚೆ ಸುರಿದೆ. ಹೀಗೆ ಆ ನೆಲದಲ್ಲಿ ಕೊಳೆಯಬೇಕಿದ್ದ ಎಲೆ ಕುರಿಯ ಹೊಟ್ಟೆಗೆ ಹೋಯಿತು, ಬೇಡದ ಉಚ್ಚೆ ನೆಲದೊಳಗೆ ಉಳಿಯಿತು.

ಕೆಲವು ವರ್ಷಗಳಾದ ಮೇಲೆ ಉಳದ ಪಟ್ಟಿಯ ತೊಗರಿ ಎಲ್ಲಕ್ಕಿಂತ ಎತ್ತರ ನಿಂತಿತು. ನ್ಯಾಲ್ಕಲ್, ಕಲ್ಹೇರ್, ಧಾರೂರು ಕಡೆಯಿಂದ ಜೀಪು ಮಾಡಿಕೊಂಡು ರೈತರು ನೋಡಲು ಬಂದರು. ಮೇಡಂ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಮೂಗಿಗೆ ಹಿಡಿದರು, ಜೀವಂತ ಮಣ್ಣಿಗೆ ಒಂದು ವಾಸನೆ ಇರುತ್ತದೆ ಎಂದು ಪಕ್ಕದವರಿಗೆ ಕೊಟ್ಟರು. ಆ ಹಿಡಿ ಮಣ್ಣು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಕಣ್ಣು ಮುಚ್ಚಿ ಮೂಸಿದರು, ಆಹಾ ಎಂದರು. ನನ್ನ ಭಾಮೈದನ ಕುರಿಗಳ ಉಚ್ಚೆಯನ್ನು ಅಷ್ಟು ಜನ ಮರ್ಯಾದಸ್ಥರು ಭಕ್ತಿಯಿಂದ ಮೂಸುವುದನ್ನು ನೋಡುತ್ತ ನಾನು ಚಹದ ಪಾತ್ರೆಯ ಹತ್ತಿರ ನಿಂತಿದ್ದೆ. ಹೇಸಿಗೆಯೆನಿಸಿತು. ಅದು ಅವರ ಮೇಲಿನದೋ ನನ್ನ ಮೇಲಿನದೋ ಆಗ ತಿಳಿಯಲಿಲ್ಲ.

ಆ ಗುಂಪಿನಲ್ಲಿ ನ್ಯಾಲ್ಕಲ್ ಕಡೆಯ ಒಬ್ಬ ಅಕ್ಕ ಇದ್ದರು. ಲಿಂಗಾಯತ ಮನೆಯವರು, ಹಣೆ ತುಂಬ ವಿಭೂತಿ, ನನಗಿಂತ ನಾಲ್ಕಾರು ವರ್ಷ ಹಿರಿಯರು. ಗಂಡ ತೀರಿದ ಮೇಲೆ ಒಕ್ಕಲುತನವೆಲ್ಲ ಅವರದೇ. ಬೀಜ ಒಯ್ಯಲು ಬಂದಾಗಲೆಲ್ಲ ನನ್ನನ್ನು ತಮ್ಮಾ ಎಂದು ಮಾತಾಡಿಸುತ್ತಿದ್ದರು. ಅವರು ಮಣ್ಣು ಮೂಸಿ ಮೂಗು ಸೊಟ್ಟ ಮಾಡಿದರು.

"ತಮ್ಮಾ, ಇದಕ್ಕ ಕುರಿ ನಾತ ಬರ್ಲತ್ತದಲ್ಲೋ."

ಹಿಂದಿನಿಂದ ಯಾರೋ, "ಅಕ್ಕಾರ, ಅದು ಮಣ್ಣಿಂದಲ್ಲರಿ, ಅವನ ಮೈದೇ ಇರಬೇಕು," ಎಂದರು. ಎಲ್ಲರೂ ನಕ್ಕರು. ನನ್ನ ಜಾತಿ ಹಿಡಿದು ಆಡಿದ ಮಾತು ಅದು. ಬೇರೆ ದಿನವಾಗಿದ್ದರೆ ಸಿಟ್ಟಿಗೇಳುತ್ತಿದ್ದೆ. ಅಂದು ಬಚ್ಚಿಟ್ಟುಕೊಳ್ಳಲು ಜಾಗ ಸಿಕ್ಕಿತೆಂದು ನಾನೂ ನಕ್ಕೆ. ಜನ ಚಹಕ್ಕೆ ಚದುರಿದ ಮೇಲೆ ಅಕ್ಕ ಮತ್ತೆ ನನ್ನ ಹತ್ತಿರ ಬಂದರು.

"ನಗಚಾಟಗಿ ಬ್ಯಾಡ, ಖರೇ ಹೇಳು. ಇಲ್ಲಿ ಕುರಿ ತರುಬಿದ್ರೇನು?"

"ಇಲ್ಲರಿ ಅಕ್ಕಾರ. ಒಡ್ಡಿನಾಚಿ ಹೊಲದಾಗ ಇದ್ದವು. ಗಾಳಿಗಿ ಬಂದಿರಬೇಕು."

"ಹಂಗಾದ್ರ ಏನೂ ಹಾಕಿಲ್ಲ?"

"ಏನೂ ಇಲ್ಲರಿ. ಬರೇ ಉಳೋದು ಬಿಟ್ಟೀವಿ."

ಅವರು ನಂಬಿದರು. ಊರಿಗೆ ಹೋಗಿ ತಮ್ಮ ಮೇಲಿನ ಕೆಂಪು ಹೊಲಕ್ಕೆ ಉಳುಮೆ ನಿಲ್ಲಿಸಿದರು.

ಅದಾಗಿ ಮೂರು ಬೇಸಿಗೆ ಕಳೆದವು. ಪ್ರಯೋಗದ ಅವಧಿ ಮುಗಿಯುತ್ತ ಬಂದು, ಮೂರೂ ಕಡೆಯ ಕೊನೆಯ ಮಣ್ಣು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಪಟ್ಟಿಯಲ್ಲಿ ಅಡ್ಡಾದಿಡ್ಡಿ ನಡೆದು ಹಲವು ಕಡೆ ಗುರುತು ಹಾಕಬೇಕು. ಪ್ರತಿ ಗುರುತಿನಲ್ಲಿ ಆಗರ್ ಎಂಬ ತಿರುಗುಳಿಯನ್ನು ತಿರುಗಿಸಿ ಮೊದಲು ಬೆರಳುದ್ದದ ಮೇಲ್ಮಣ್ಣು, ಆಮೇಲೆ ಅದರ ಕೆಳಗಿನ ಗೇಣು, ಕೊನೆಗೆ ಮೊಳದವರೆಗಿನದು, ಮೂರನ್ನೂ ಬೇರೆ ಬೇರೆ ತೆಗೆಯಬೇಕು. ಉತ್ತ ನೆಲದಲ್ಲಿ ಮೇಲಿನದು ಕೆಳಗಿನದು ಕಲೆತುಹೋಗಿರುತ್ತದೆ. ಉಳದ ನೆಲದಲ್ಲಿ ಸಾರವೆಲ್ಲ ಮೇಲೆಯೇ ಕೆನೆಯಂತೆ ಕಟ್ಟುತ್ತದೆ. ಪದರ ಬೇರೆ ಮಾಡದೆ ತೆಗೆದರೆ ಕೆನೆ ಯಾವುದು, ಹಾಲು ಯಾವುದು ಗೊತ್ತಾಗದು. ಒಂದೇ ಪದರದ ಮಣ್ಣನ್ನು ಕೂಡಿಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಮತ್ತೆ ಹಾಗೆಯೇ ಮಾಡುತ್ತ ಒಂದು ಬಟ್ಟೆಚೀಲಕ್ಕೆ ಆಗುವಷ್ಟು ಉಳಿಸಬೇಕು. ನೆರಳಲ್ಲಿ ಆರಿಸಿ, ಕಟ್ಟಿಗೆಯ ಕೊಡತಿಯಿಂದ ಕುಟ್ಟಿ, ಜರಡಿ ಹಿಡಿಯಬೇಕು.

ತಾಂಡೂರಿನಲ್ಲಿ ಆಗರ್ ಹಲವು ಕಡೆ ಮೊಳ ಇಳಿಯುವ ಮೊದಲೇ ಫರ್ಸಿಗೆ ತಾಗಿ ಕಿರಗುಟ್ಟಿತು. ಆಳ ಉಳುಮೆಯ ಪಟ್ಟಿ ನೋಡಿದರೆ ಹೇಸಿಗೆಯಾಗುತ್ತಿತ್ತು. ಪಲ್ಟಿ ನೇಗಿಲು ಅಡಿಯ ಸುಣ್ಣವನ್ನೆಲ್ಲ ಎಳೆದು ಮೇಲೆ ಹಾಕಿ, ಕರಿಮಣ್ಣಿಗೆ ಬಿಳಿ ತೊನ್ನು ಹತ್ತಿದಂತಾಗಿತ್ತು. ಮೇಡಂ ಒಂದು ಹೆಂಟೆಗೆ ನಾಲ್ಕು ಹನಿ ಆಮ್ಲ ಬಿಟ್ಟರೆ ನೊರೆ ಉಕ್ಕಿತು. ಈ ಸುಣ್ಣ ರಂಜಕವನ್ನೂ ಕಬ್ಬಿಣದಂಶವನ್ನೂ ಕಚ್ಚಿ ಹಿಡಿದು ಬೇರಿಗೆ ಬಿಡುವುದಿಲ್ಲ, ತೊಗರಿ ಹಳದಿಯಾಗಿದ್ದು ಅದಕ್ಕೇ ಎಂದರು. ಉಳದ ಪಟ್ಟಿಯಲ್ಲಿ ಬೆರಳುದ್ದದ ಮೇಲ್ಮಣ್ಣು ಕೊಂಚ ಕಪ್ಪಾಗಿ, ಪುಡಿಪುಡಿಯಾಗಿತ್ತು. ಅದರ ಕೆಳಗೆ ವಿಶೇಷವೇನಿಲ್ಲ. ನಾರಾಯಣಖೇಡದಲ್ಲಿ ಅಷ್ಟೂ ವ್ಯತ್ಯಾಸವಿಲ್ಲ. ಅಲ್ಲಿನ ಎರೆನೆಲ ಬೇಸಿಗೆಗೆ ಬಿರುಕು ಬಿಟ್ಟು ಮೇಲಿನ ಮಣ್ಣನ್ನು ತಾನೇ ಒಳಗೆ ನುಂಗುತ್ತದೆ, ಯಾರೂ ಉಳದಿದ್ದರೂ ತನ್ನನ್ನು ತಾನು ಉತ್ತುಕೊಳ್ಳುತ್ತದೆ. ಎರಡೂ ಕಡೆ ಸತ್ಯ ನಿಧಾನವಾಗಿತ್ತು, ಸಣ್ಣದಾಗಿತ್ತು. ಆದರೆ ಸತ್ಯವಾಗಿತ್ತು.

ಜಹೀರಾಬಾದಿನ ಚೀಲಗಳ ಪರೀಕ್ಷೆ ಮುಗಿದಾಗ ಮೇಡಂ ಖುಷಿಪಡಲಿಲ್ಲ. ಮೇಲ್ಪದರದಲ್ಲಿ ಸಾರ ಏರಿದ್ದು ಸರಿ, ಆದರೆ ಪೊಟ್ಯಾಶ್ ಮತ್ತು ಉಪ್ಪು ಗೇಣಿನ ಪದರದಲ್ಲೂ ಏಕೆ ಏರಿವೆ? ಬರೀ ಕೊಳೆತ ಎಲೆಯಿಂದ ಅಷ್ಟು ಕೆಳಗೆ ಹೋಗುವುದುಂಟೇ? ಆಗರ್ ಎತ್ತುವಾಗ ಮೇಲಿನ ಮಣ್ಣು ತೂತಿಗೆ ಉದುರಿ ಕಲೆತಿರಬೇಕೆಂದು ಅವರು ಅಂದುಕೊಂಡರು. ಇನ್ನೊಮ್ಮೆ ತೆಗೆಯಿರಿ, ಈ ಸಲ ಗುಂಡಿ ತೋಡಿ ಗೋಡೆ ಕೆತ್ತಿ ಪದರ ಪದರವಾಗಿ ತೆಗೆಯಿರಿ ಎಂದು ನನಗೇ ಹೇಳಿದರು.

ಕೆಂಪು ನೆಲ ಹಾರೆಗೂ ಬಗ್ಗಲಿಲ್ಲ. ಗುಂಡಿ ತೋಡುತ್ತ ನನಗೊಂದು ದಾರಿ ಹೊಳೆಯಿತು. ಹಿಂಡು ಯಾವಾಗಲೂ ಬೇವಿನ ಮರದ ಕಡೆಯ ಅರ್ಧದಲ್ಲೇ ಮಲಗುತ್ತಿತ್ತು. ಆಚೆಯ ತುದಿಯಲ್ಲಿ, ಒಡ್ಡಿನ ಬದಿಗೆ, ಕುರಿ ಅಷ್ಟಾಗಿ ಹೋಗಿರಲಿಲ್ಲ. ಅಲ್ಲಿಂದಲೇ ಎಲ್ಲ ಮಣ್ಣು ತೆಗೆದರೆ ಕೆಳಪದರ ಸರಿಹೋಗುತ್ತದೆ, ಮೇಡಂ ಪ್ರಶ್ನೆ ಮುಗಿಯುತ್ತದೆ, ನನ್ನ ಕತೆಯೂ ಮುಗಿಯುತ್ತದೆ. ಹಾಗೆಯೇ ಶುರುಮಾಡಿದೆ. ಎರಡು ಚೀಲ ತುಂಬಿಯೂ ತುಂಬಿದೆ. ಮೊದಲಿನದು ಅಸಡ್ಡೆ, ಆಮೇಲಿನದು ಹೇಡಿತನ, ಇದು ಕಳ್ಳತನ. ಮೂರನ್ನೂ ಒಂದೇ ಕೈ ಮಾಡಿತು.

ಆಗ ನ್ಯಾಲ್ಕಲ್ಲಿನ ಅಕ್ಕನ ಫೋನು ಬಂತು.

"ತಮ್ಮಾ, ತಗ್ಗಿನ ಹೊಲದಾಗ ಟ್ರ್ಯಾಕ್ಟರ್ ಬಂದು ನಿಂತದ. ಮ್ಯಾಲಿನ ಹೊಲ ನೀ ಹೇಳ್ದಂಗ ಮೂರು ವರ್ಷ ಉಳದೆ ಬಿಟ್ಟೀನಿ. ನೆಲ ಸಿಮೆಂಟ್ ಆದಂಗ ಆಗ್ಯದ, ತೊಗರಿ ಮೊಣಕಾಲಿಗಿ ಬರಲಿಲ್ಲ. ಆದ್ರ ನಿಮ್ಮ ಹೊಲದಾಗ ಕಣ್ಣಾರೆ ನೋಡೀನಿ. ಇನ್ನಾ ತಾಳಬೇಕೇನೋ ಅಂತ ತಾಳೀನಿ. ತಗ್ಗಿಂದೂ ಬಿಡ್ಲೇನು, ಉಳಸ್ಲೇನು? ನೀ ಅಂದಂಗ."

ತಗ್ಗಿನ ಹೊಲ ಅವರ ಮನೆಯ ಅನ್ನದ ಹೊಲ ಎಂದು ನನಗೆ ಗೊತ್ತಿತ್ತು. ಮೇಲಿನದು ಹೋದರೂ ವರ್ಷ ದೂಡಿದ್ದು ಅದರಿಂದ. ಈಗ ಅದೂ ನನ್ನ ಸುಳ್ಳಿನ ಮೇಲೆ ನಿಂತಿತ್ತು. ಟ್ರ್ಯಾಕ್ಟರಿನವನನ್ನು ಸಂಜೆಯವರೆಗೆ ನಿಲ್ಲಿಸಿರಿ, ನಾನೇ ಬರುತ್ತೇನೆ ಎಂದೆ. ಫೋನು ಇಟ್ಟು ಎರಡೂ ಚೀಲ ಬಿಚ್ಚಿ ಮಣ್ಣನ್ನು ಗುಂಡಿಗೆ ಸುರಿದೆ. ಶೆಡ್ಡಿಗೆ ಹೋಗಿ ಮೇಡಂ ಎದುರು ನಿಂತು ಹೇಳಿದೆ.

ಅವರು ಕೂಗಾಡುತ್ತಾರೆಂದು ಕಾದೆ. ಅವರು ಕೈಯಲ್ಲಿದ್ದ ಜರಡಿಯನ್ನು ಮೆಲ್ಲಗೆ ಕೆಳಗಿಟ್ಟರು. ಯಾವ ಯಾವ ಬೇಸಿಗೆ, ಎಷ್ಟು ದೊಡ್ಡ ಹಿಂಡು, ಎಲ್ಲೆಲ್ಲಿ ಮಲಗಿದ್ದವು, ಕೂಳೆ ಎಷ್ಟು ತಿಂದವು ಎಂದು ಒಂದೊಂದನ್ನೇ ಕೇಳಿದರು. ನನ್ನನ್ನು ಕರೆದುಕೊಂಡು ಪಟ್ಟಿಗೆ ಹೋದರು. ನಾನು ತೋರಿಸಿದಲ್ಲೆಲ್ಲ ಗೂಟ ಹೊಡೆಸಿದರು. ಬೇವಿನ ಮರದ ಹತ್ತಿರ ಬಂದಾಗ ನಿಂತು, ಅಂಗೈಗಳನ್ನು ಸೀರೆಗೆ ತಿಕ್ಕಿ ತಿಕ್ಕಿ ಒರೆಸಿಕೊಂಡರು. ಆ ದಿನ ಮಣ್ಣನ್ನು ಎಲ್ಲರಿಗಿಂತ ಮೊದಲು ಮೂಗಿಗೆ ಹಿಡಿದವರು ಅವರೇ.

"ಮೊದಲನೇ ವರ್ಷ ಹೇಳಿದ್ರ ಒಂದು ವರ್ಷ ಹೋಗ್ತಿತ್ತು," ಎಂದರು. "ಈಗ ಈ ಹೊಲಾನೇ ಹೋತು ನೋಡ್ರಿ."

ಮುಂದೆ ಜಹೀರಾಬಾದಿನ ಉಳದ ಪಟ್ಟಿಯ ಫಲಿತಾಂಶವನ್ನೆಲ್ಲ ಅವರು ಕೈಬಿಟ್ಟರು. ಕಾರಣವನ್ನೂ ಮೇಲಿನವರಿಗೆ ತಿಳಿಸಿದರು. ತಾಂಡೂರು, ನಾರಾಯಣಖೇಡದ್ದು ಮಾತ್ರ ಉಳಿಯಿತು. ಕೆಂಪು ನೆಲವನ್ನು ಉಳದೆ ಬಿಟ್ಟು, ಎಲೆ ಕೂಳೆ ಅಲ್ಲೇ ಕೊಳೆಯಲು ಬಿಟ್ಟರೆ ಏನಾಗುತ್ತಿತ್ತು? ಒಳ್ಳೆಯದಾಗುತ್ತಿತ್ತೇನೋ. ಗೊತ್ತಿಲ್ಲ. ಅಷ್ಟು ವರ್ಷ ಕಾದು ತಿಳಿಯಬೇಕಿದ್ದದ್ದು ಒಂದೇ ಮಾತು, ಅದನ್ನೇ ನಾನು ಕುರಿಗೆ ಮೇಯಿಸಿದೆ. ಮತ್ತೆ ಅಷ್ಟು ವರ್ಷ ಕಾಯಲು ನನ್ನಲ್ಲಿ ಆಯುಷ್ಯವಿಲ್ಲ.

ಹೇಳಿದ ಆ ದಿನವೇ ಸಂಜೆಯ ಹೊತ್ತಿಗೆ ಆಟೋ ಹಿಡಿದು ನ್ಯಾಲ್ಕಲ್ ಕಡೆ ಹೋದೆ. ತಗ್ಗಿನ ಹೊಲದ ಬದಿಗೆ ಟ್ರ್ಯಾಕ್ಟರ್ ನಿಂತಿತ್ತು, ಡ್ರೈವರ್ ಅದರ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ. ಅಕ್ಕ ಒಡ್ಡಿನ ಮೇಲೆ ಕೂತು ಕೇಳಿದರು. ನಾನು ಎಲ್ಲ ಹೇಳಿದೆ, ಅವರು ಕೇಳಿದ ಪ್ರಶ್ನೆ ಮತ್ತು ನಾನು ಕೊಟ್ಟ ಉತ್ತರವನ್ನೂ ಸೇರಿಸಿ. ಅವರ ಮುಖ ನೋಡಲಾಗದೆ, ಭಾಮೈದನ ಹಿಂಡನ್ನು ಅವರ ಮೇಲಿನ ಹೊಲಕ್ಕೆ ಕಳಿಸುತ್ತೇನೆ, ಈ ವಾರವೇ ತರುಬಿಸುತ್ತೇನೆ ಎಂದೂ ಅಂದೆ.

"ಈಗ ಕುರಿ ಅಂತೀರೇನು?" ಎಂದರು ಅಕ್ಕ, ತಮ್ಮಾ ಎನ್ನದೆ. "ಅದನ್ನ ನಾ ಅವತ್ತೇ ಅಂದಿದ್ದೆ."

ಎದ್ದು ಮೇಲಿನ ಹೊಲದತ್ತ ನಡೆದರು. ನಾನು ಹಿಂದೆ ಹೋದೆ. ಕೆಂಪು ನೆಲ ಮೈಯುದ್ದಕ್ಕೂ ಹೆಪ್ಪುಗಟ್ಟಿತ್ತು. ಕಿತ್ತು ಹಾಕಿದ ತೊಗರಿ ಕಟ್ಟಿಗೆಯ ಬೇರುಗಳು ಗೇಣು ಇಳಿದು ಅಡ್ಡ ತಿರುಗಿದ್ದವು, ದಾರಿ ಸಿಗದೆ. ಅಕ್ಕನ ಸೊಸೆಯರು ಒಲೆಗೆಂದು ಒಂದು ಕಡ್ಡಿಯನ್ನೂ ಒಯ್ದಿರಲಿಲ್ಲ. ಆದರೆ ಮೊಣಕಾಲೆತ್ತರದ ತೊಗರಿ ಎಷ್ಟು ಎಲೆ ಉದುರಿಸೀತು? ಅವರು ಕಾಲಿನಿಂದ ಒದ್ದು ಬಿಲ್ಲೆಯಂಥ ಒಂದು ಹಕ್ಕಳೆಯನ್ನು ಎಬ್ಬಿಸಿ, ಬಗ್ಗಿ ಎತ್ತಿ, ನನ್ನ ಅಂಗೈಯಲ್ಲಿ ಇಟ್ಟರು.

"ಮೂಸಿ ನೋಡ್ರಿ."

ಮೂಗಿಗೆ ಹಿಡಿದೆ.

"ಏನ್ ವಾಸನಿ ಬರ್ಲತ್ತದ?"

"ಏನೂ ಇಲ್ಲರಿ ಅಕ್ಕಾರ."

"ಈಗ ಖರೇ ಹೇಳಿದ್ರಿ."

ತಗ್ಗಿನ ಹೊಲದ ಬಗ್ಗೆ ನನ್ನನ್ನು ಅವರು ಮತ್ತೆ ಕೇಳಲಿಲ್ಲ. ಒಡ್ಡಿನ ತುದಿಗೆ ಹೋಗಿ ಡ್ರೈವರನಿಗೆ ಕೈಯಿಂದ ಏನೋ ಸನ್ನೆ ಮಾಡಿದರು. ಅವನು ಬೀಡಿ ಆರಿಸಿ ಎದ್ದ. ಎಂಜಿನ್ ಶುರುವಾಯಿತು. ಯಾವ ಹೊಲಕ್ಕೆ ನೇಗಿಲು ಇಳಿಸುತ್ತಾರೆಂದು ನಿಂತು ನೋಡುವ ಹಕ್ಕು ನನಗಿರಲಿಲ್ಲ. ಅಂಗೈಯಲ್ಲಿದ್ದ ಆ ತುಂಡನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಹಾಗೇ ಹಿಡಿದುಕೊಂಡು ಆಟೋ ನಿಲ್ಲುವ ರಸ್ತೆಯವರೆಗೆ ನಡೆದೆ.